ಊಟದ ಹೊತ್ತಿಗೆ ಬಂದ ವಿಮಾನಗಳು

ಏರ್‌ಪೋರ್ಟ್ ಕ್ವಾರ್ಟರ್ಸ್
ಜೂನ್ 18

ಅನೂ,

ನನ್ನ ನಂಬರ್ ಬ್ಲಾಕ್ ಮಾಡಿದ್ದೀಯ. ಆಯ್ತು. ಅಜ್ಜಂಪುರದ ಪೋಸ್ಟ್‌ಮ್ಯಾನ್ ಗಂಗಾಧರಯ್ಯನವರನ್ನು ಬ್ಲಾಕ್ ಮಾಡಲು ನಿನ್ನಿಂದಾಗದು ಎಂದುಕೊಂಡು ಈ ಕಾಗದ ಬರೆಯುತ್ತಿದ್ದೇನೆ. ಹರಿದು ಹಾಕುವುದಿದ್ದರೂ ಓದಿ ಹರಿ.

ರಿಪೋರ್ಟ್ ಕೊಟ್ಟಿದ್ದು ನಾನೇ. ಅದು ನಿನಗೆ ಬೇರೆಯವರ ಬಾಯಿಂದ ಗೊತ್ತಾಯಿತಂತೆ. ನಾನೇ ಮೊದಲು ಹೇಳಬೇಕಿತ್ತು, ಒಪ್ಪುತ್ತೇನೆ. ಆದರೆ ಕೊಡದೆ ಇರುವುದು ಹೇಗೆ, ಹೇಳು. ಜನ ತುಂಬಿಕೊಂಡು ಇಳಿಯುತ್ತಿದ್ದ ವಿಮಾನದ ಮೂಗಿನ ಮುಂದೆಯೇ ಒಂದು ಟ್ರೈನಿಂಗ್ ವಿಮಾನ ಹಾದುಹೋಯಿತು. ಟವರ್‌ನಲ್ಲಿ ಕೂತು ವಿಮಾನಗಳಿಗೆ ದಾರಿ ಹೇಳುವವರು ನಾವು. ನಾವೇ ಬಾಯಿ ಮುಚ್ಚಿಕೊಂಡರೆ ಇನ್ಯಾರು ಹೇಳಬೇಕು?

ನಾನು ಬರೆದದ್ದು ಇಷ್ಟು. ಅವತ್ತು ಮಧ್ಯಾಹ್ನ ಟವರ್‌ನಲ್ಲಿ ನಾವಿಬ್ಬರೇ ಇದ್ದೆವು. ನಮ್ಮನ್ನು ಊಟಕ್ಕೆ ಬಿಡಿಸಲು ಮೂರನೆಯವರು ಇರಲಿಲ್ಲ. ನಾನು ಊಟಕ್ಕೆ ಕೂತಿದ್ದೆ, ನನ್ನ ಕುರ್ಚಿಯ ಕೆಲಸವನ್ನೂ ಅನುಷಾ ನೋಡಿಕೊಳ್ಳುತ್ತಿದ್ದಳು, ದಿನವೂ ನಡೆಯುವುದು ಹೀಗೆಯೇ. ವಿಚಾರಣೆ ಮುಗಿದು ಮೇಲಿನಿಂದ ಬಂದ ವರದಿಯ ಪ್ರತಿಯಲ್ಲಿ ನನ್ನ ಊಟವೂ ಇಲ್ಲ, ದಿನವೂ ಅನ್ನುವ ಮಾತೂ ಇಲ್ಲ. ‘ಕಂಟ್ರೋಲರ್ ಅನುಷಾ ತಮ್ಮಷ್ಟಕ್ಕೆ ತಾವೇ ಎರಡೂ ಸ್ಥಾನಗಳನ್ನು ವಹಿಸಿಕೊಂಡರು’ ಎಂದಿದೆ. ಓದಿ ನನಗೆ ಮೈ ಉರಿದುಹೋಯಿತು.

ಆದರೂ ಒಂದು ಮಾತು ಕೇಳು. ಇನ್‌ಚಾರ್ಜ್ ಸಾಹೇಬರು ನನ್ನನ್ನು ಕರೆದು, “ನಿಮ್ಮ ಫ್ರೆಂಡಿಗೆ ಹೇಳಮ್ಮ, ನನ್ನ ತಪ್ಪು ಅಂತ ಆ ಹೇಳಿಕೆಗೊಂದು ಸಹಿ ಹಾಕಿ ಕಳಿಸಲಿ. ಸಸ್ಪೆನ್ಶನ್ ತೆಗೆದು, ಇನ್ನೊಂದ್ಸಲ ಟ್ರೈನಿಂಗ್ ಕೊಟ್ಟು ವಾಪಸ್ ತಗೋತಾರೆ” ಅಂದರು. ಹಾಕಿಬಿಡು ಅನೂ. ಸುಳ್ಳಾದರೂ ಹಾಕು. ನಿನ್ನ ಜಾಗ ಖಾಲಿ ಇಟ್ಟುಕೊಂಡು ಪಕ್ಕದಲ್ಲಿ ಕೂರಲು ನನ್ನಿಂದಾಗುತ್ತಿಲ್ಲ.

ಕಡೂರು ಕಾಲೇಜಿನಿಂದ ನಿನ್ನ ಬೆನ್ನು ಬಿಡದ,
ಮಧುಶ್ರೀ


ಅಜ್ಜಂಪುರ
ಜುಲೈ 9

ಮಧು,

ಓದಿದೆ. ಹರಿಯಲಿಲ್ಲ.

ನಮ್ಮಮ್ಮನ ಹಿಟ್ಟಿನ ಗಿರಣಿಗೆ ಅರ್ಧ ಊರೇ ಬರುತ್ತದೆ, ನಿನಗೆ ಗೊತ್ತು. ರಾಗಿ ಡಬ್ಬಿ ಕೆಳಗಿಟ್ಟು, “ರಜ ಮೇಲ್ ಬಂದಿದೀಯೇನವ್ವ?” ಎಂದು ಶುರು ಮಾಡುತ್ತಾರೆ. ಮುಂದಿನ ವಾರ ಬಂದಾಗ, “ಇನ್ನೂ ರಜನೇನಾ?” ಅನ್ನುತ್ತಾರೆ. ಗಿರಣಿ ಸದ್ದಿನಲ್ಲಿ ಕೇಳಿಸಲಿಲ್ಲ ಅನ್ನುವ ಹಾಗೆ ತಲೆಯಾಡಿಸಿ ಬೆಲ್ಟಿನ ಕಡೆ ತಿರುಗಿಕೊಳ್ಳುತ್ತೇನೆ. ಅಮ್ಮನಿಗೆ ನಡೆದದ್ದನ್ನೆಲ್ಲ ಹೇಳಿದೆ. ಎರಡು ಕುರ್ಚಿಯ ಕೆಲಸ ಒಬ್ಬಳೇ ಮಾಡಿದ್ದಕ್ಕೆ ಮನೆಗೆ ಕಳಿಸಿದರು ಎಂದರೆ, “ಅಷ್ಟಕ್ಕೇನಾ? ನಾನು ರಾಗಿ ಕಲ್ಲು, ಖಾರದ ಮಿಷನ್ನು ಎರಡೂ ಒಬ್ಳೇ ನೋಡ್ಕಳಲ್ವಾ?” ಅಂದಳು. ನಮ್ಮಮ್ಮ ಹಾಲಮ್ಮನ ಜೊತೆ ವಾದ ಮಾಡಿ ಗೆದ್ದವರು ಈ ಬೀದಿಯಲ್ಲಿ ಯಾರೂ ಇಲ್ಲ.

ನಿನ್ನ ಮೇಲಿನ ಸಿಟ್ಟು ಇಳಿದಿಲ್ಲ. ರಿಪೋರ್ಟ್ ಕೊಟ್ಟಿದ್ದಕ್ಕಲ್ಲ. ಕೊಡುವ ಮೊದಲು ನನ್ನ ಹತ್ತಿರ ಒಂದು ಮಾತು ಆಡಲಿಲ್ಲವಲ್ಲ, ಅದಕ್ಕೆ.

ನಿನಗೆ ಗೊತ್ತಿರುವುದನ್ನೇ ಮತ್ತೆ ಬರೆಯುತ್ತೇನೆ, ಯಾಕೆಂದರೆ ಇಲ್ಲಿ ಹೇಳಿಕೊಳ್ಳಲು ಯಾರೂ ಇಲ್ಲ. ಅವತ್ತು ನೀನು ಬೆಳಗಿನಿಂದ ಏನೂ ತಿಂದಿರಲಿಲ್ಲ. ಡಬ್ಬಿ ಬಿಚ್ಚಿ ಎರಡು ತುತ್ತು ಬಾಯಿಗಿಟ್ಟಿದ್ದೆ, ನಿನ್ನ ರೇಡಿಯೊ ಮಾತಾಡಿತು. ನೀನು ಏಳಲು ಹೊರಟೆ. “ಕೂತ್ಕಳೇ, ಉಣ್ಣು. ನಾನ್ ನೋಡ್ಕತೀನಿ” ಅಂದೆ. ಊಟಕ್ಕೆ ಕೂತವರನ್ನು ಎಬ್ಬಿಸಬಾರದು ಎನ್ನುವುದು ಎಲ್ಲರ ಮನೆಯಲ್ಲೂ ಇರುವ ಮಾತು. ಆದರೆ ನನ್ನ ಮೈಗೆ ಅದು ಅಂಟಿದ್ದು ನಿಮ್ಮ ಮನೆಯಿಂದ. ಬೀರೂರು ಸ್ಟೇಷನ್ ಎದುರು ನಿಮ್ಮಪ್ಪ ಪರಮೇಶಣ್ಣನ ಮಿಲಿಟರಿ ಹೋಟೆಲಿನಲ್ಲಿ ಕಾಲೇಜು ಮುಗಿಯುವ ತನಕ ಉಂಡವಳು ನಾನು. ಗಿರಾಕಿ ಮುದ್ದೆ ಮುರಿಯುತ್ತಿದ್ದಾಗ ರೈಲು ಬಂದುಬಿಟ್ಟರೆ ಪರಮೇಶಣ್ಣ ಅವನನ್ನು ಎಬ್ಬಿಸುತ್ತಿರಲಿಲ್ಲ. ತಾವೇ ಪ್ಲಾಟ್‌ಫಾರ್ಮಿಗೆ ಓಡಿ, ಗಾರ್ಡ್ ಮುಂದೆ ಕೈ ಮುಗಿದು ನಿಲ್ಲುತ್ತಿದ್ದರು.

ಒಂದು ಕಿವಿಗೆ ರನ್‌ವೇಗೆ ಇಳಿಯುವ ನನ್ನ ವಿಮಾನಗಳು, ಇನ್ನೊಂದು ಕಿವಿಗೆ ನಿನ್ನ ಟ್ರೈನಿಂಗ್ ಹುಡುಗ. ಇಳಿಯುವ ದಾರಿಗೆ ಅಡ್ಡ ದಾಟಲು ಅಪ್ಪಣೆ ಕೇಳಿದ. ಇಳಿಯುತ್ತಿರುವ ವಿಮಾನ ಕಾಣುತ್ತಿದೆಯಾ ಅಂದೆ, ಕಾಣುತ್ತಿದೆ ಅಂದ. ಅದರ ಹಿಂದಿನಿಂದ ದಾಟು ಅಂದೆ. ಸಾಲಿನಲ್ಲಿ ಎರಡು ವಿಮಾನ ಇಳಿಯುತ್ತಿದ್ದವು. ನನ್ನ ಮನಸ್ಸಿನಲ್ಲಿದ್ದುದು ಎರಡನೆಯದು, ಅವನಿಗೆ ಕಂಡದ್ದು ಮೊದಲನೆಯದು. ಮೊದಲನೆಯದು ಹೋದದ್ದೇ ತಡ, ಎರಡನೆಯದರ ಎದುರಿಗೇ ನುಗ್ಗಿದ. ಆ ಹೊತ್ತಿಗೆ ನನ್ನ ಕಿವಿಯಲ್ಲಿ ಇನ್ನೊಬ್ಬರು ಮಾತಾಡುತ್ತಿದ್ದರು, ನಾನು ನೋಡಲಿಲ್ಲ. ನೋಡಿದವಳು ನೀನು. ಎಂಜಲು ಕೈಯಲ್ಲೇ ಗಾಜಿನ ಕಡೆ ತೋರಿಸಿ, “ಅನೂ, ಮೇಲೆತ್ತಿಸೇ” ಎಂದು ಕೂಗಿದೆ. ಇಳಿಯುತ್ತಿದ್ದುದನ್ನು ಮತ್ತೆ ಮೇಲೆತ್ತಿಸಿದೆ. ಅಷ್ಟೆ.

ಊರ ಮೇಲೆ ವಿಮಾನದ ಸದ್ದು ಬಂದರೆ ಈಗಲೂ ಅಂಗಳಕ್ಕೆ ಓಡುತ್ತೇನೆ. ಒಂದು ಕಂಡರೆ ಸಮಾಧಾನವಿಲ್ಲ, ಇನ್ನೊಂದು ಎಲ್ಲಿದೆ ಎಂದು ಆಕಾಶವನ್ನೆಲ್ಲ ಹುಡುಕುತ್ತೇನೆ. ಕಾಣದಿದ್ದರೆ ಇನ್ನೂ ಹೆಚ್ಚು ಹೆದರಿಕೆಯಾಗುತ್ತದೆ.

ಸಹಿಯ ವಿಷಯ ನನಗೆ ಬಿಡು.

ಅನುಷಾ


ಏರ್‌ಪೋರ್ಟ್ ಕ್ವಾರ್ಟರ್ಸ್
ಆಗಸ್ಟ್ 11

ಅನೂ,

ಅವಸರದಲ್ಲಿ ಬರೆಯುತ್ತಿದ್ದೇನೆ. ಸಹಿ ಹಾಕಬೇಡ.

ಆವತ್ತು ಹಾಕು ಅಂದವಳು ಇವತ್ತು ಬೇಡ ಅನ್ನುತ್ತಾಳೆ, ತಲೆ ಕೆಟ್ಟಿದೆ ಇವಳಿಗೆ ಎಂದು ನೀನು ಬೈಯುವುದು ಇಲ್ಲಿಗೇ ಕೇಳಿಸುತ್ತಿದೆ. ಕಾರಣ ಹೇಳುತ್ತೇನೆ. ಆಕಾಶದಲ್ಲಿ ವಿಮಾನಗಳು ಡಿಕ್ಕಿಯಾಗದಂತೆ ತಡೆಯಲು ಒಂದು ಮಸೂದೆ ಸಂಸತ್ತಿನ ಸಮಿತಿಯ ಮುಂದಿದೆ. ನಾನು ಪೂರ್ತಿ ಓದಿದೆ, ಎರಡು ಸಲ. ಟ್ರೈನಿಂಗ್ ವಿಮಾನವಾದರೂ ಸರಿ, ಹೆಲಿಕಾಪ್ಟರಾದರೂ ಸರಿ, ಸುತ್ತಮುತ್ತ ಹಾರುತ್ತಿರುವ ಬೇರೆ ವಿಮಾನಗಳನ್ನು ಪೈಲಟ್‌ಗೆ ತೋರಿಸುವ ಸಾಧನ ಅದರಲ್ಲಿ ಇರಲೇಬೇಕು ಎಂದು ಒಂದು ಕಲಂ ಇದೆ. ಅವತ್ತು ಆ ಹುಡುಗನ ಮುಂದೆ ಅದು ಇದ್ದಿದ್ದರೆ ಎರಡನೇ ವಿಮಾನ ಅವನಿಗೇ ಕಾಣುತ್ತಿತ್ತು. ಇನ್ನೊಂದು ಕಲಂ, ಟವರ್‌ನಲ್ಲಿ ಇಬ್ಬರ ಕುರ್ಚಿಯನ್ನು ಒಬ್ಬರ ತಲೆಗೆ ಕಟ್ಟಬಾರದು, ಊಟಕ್ಕೆ ಬಿಡಿಸಲು ಪ್ರತಿ ಪಾಳಿಗೂ ಒಬ್ಬರು ಹೆಚ್ಚಿಗೆ ಇರಬೇಕು. ಮೂರನೆಯದು, ತಮ್ಮ ತಪ್ಪನ್ನು ಮುಚ್ಚಿಡದೆ ತಾವೇ ಹೇಳಿದವರ ಲೈಸೆನ್ಸ್ ಕಿತ್ತುಕೊಳ್ಳಬಾರದು.

ಎರಡನೆಯದನ್ನು ತೆಗೆಸಲು ನಮ್ಮ ಮೇಲಿನವರು ಒದ್ದಾಡುತ್ತಿದ್ದಾರೆ. ಅಷ್ಟು ಜನರನ್ನು ಎಲ್ಲಿಂದ ತರುವುದು ಎಂಬ ಸಂಕಟ. ಇಬ್ಬರ ಕೆಲಸ ಒಬ್ಬರು ಮಾಡುವುದು ಎಲ್ಲೂ ನಡೆಯುತ್ತಿಲ್ಲ, ನಡೆದದ್ದು ಒಂದೇ ಸಲ, ಅದೂ ಒಬ್ಬ ಕಂಟ್ರೋಲರ್‌ನ ಅತಿ ಬುದ್ಧಿಯಿಂದ ಎಂದು ಸಮಿತಿಗೆ ಬರೆಯುತ್ತಿದ್ದಾರಂತೆ. ಅದಕ್ಕೆ ಸಾಕ್ಷಿ ನಿನ್ನ ಸಹಿ. ಹಾಕಿದೆಯೋ, ಆ ಕಲಂ ಹೋಯಿತು ಎಂದೇ ಲೆಕ್ಕ.

ಕೈ ಮುಗಿಯುತ್ತೇನೆ, ಸ್ವಲ್ಪ ತಡೆದುಕೋ.

ಮಧು


ಅಜ್ಜಂಪುರ
ಆಗಸ್ಟ್ 17

ಮಧು,

ಹಾಕಿ ಆಯಿತು. ನಿನ್ನ ಕಾಗದ ಬರುವ ಮೊದಲೇ ಕಳಿಸಿದ್ದೆ. ಅಕ್ಟೋಬರ್ ಕೊನೆಗೆ ಟ್ರೈನಿಂಗ್‌ಗೆ ಬಾ ಎಂದು ಮೇಲ್ ಕೂಡ ಬಂದಿದೆ.

ನನ್ನನ್ನು ಏನೆಂದುಕೊಂಡಿದ್ದೀಯ ನೀನು? ಬಾ ಅಂದರೆ ಬರಲು, ಬೇಡ ಅಂದರೆ ನಿಲ್ಲಲು? ನೀನು ದಿನವೂ ಆ ಗಾಜಿನ ಮುಂದೆ ಕೂತು ಮಸೂದೆ ಓದುತ್ತೀಯ. ನಾನು ಇಲ್ಲಿ ಖಾರದ ಪುಡಿಯ ಘಾಟಿಗೆ ಸೀನುತ್ತಾ ಕೂತಿದ್ದೇನೆ. ಅಮ್ಮನ ಮಾತಿಗಾಗಲಿ ಊರವರ ಬಾಯಿಗಾಗಲಿ ಹೆದರಿ ಸಹಿ ಹಾಕಲಿಲ್ಲ. ನನಗೆ ಆ ಕೆಲಸ ಬೇಕು. ವಿಮಾನ ರನ್‌ವೇ ಮುಟ್ಟಿ ಪೈಲಟ್ ನಮಸ್ಕಾರ ಹೇಳುತ್ತಾನಲ್ಲ, ಆ ಒಂದು ಮಾತು ಕೇಳಲು ನಾನು ಏನು ಬೇಕಾದರೂ ಬರೆದುಕೊಡುತ್ತೇನೆ. ಇದನ್ನು ಸ್ವಾರ್ಥ ಅನ್ನುವುದಾದರೆ ಅನ್ನು.

ಇನ್ನು ನನಗೆ ಬರೆಯಬೇಡ.

ಅನುಷಾ


ಏರ್‌ಪೋರ್ಟ್ ಕ್ವಾರ್ಟರ್ಸ್
ಸೆಪ್ಟೆಂಬರ್ 22

ಅನೂ,

ಬರೆಯಬೇಡ ಅಂದಿದ್ದೆ. ಒಂದು ತಿಂಗಳು ತಡೆದುಕೊಂಡೆ, ಇನ್ನು ಆಗುವುದಿಲ್ಲ.

ನಿನ್ನ ಜಾಗಕ್ಕೆ ಅಕ್ಷತಾ ಎಂಬ ಹುಡುಗಿ ಬಂದಿದ್ದಾಳೆ. ತರೀಕೆರೆ ಕಡೆಯವಳು. ಚುರುಕಾಗಿದ್ದಾಳೆ, ಮಾತು ಸ್ವಲ್ಪ ಜಾಸ್ತಿ. ಮೊನ್ನೆ ನಾನು ಡಬ್ಬಿ ಬಿಚ್ಚಿದೆ. ನನ್ನ ಕಡೆ ಒಂದು ಹೆಲಿಕಾಪ್ಟರ್ ಕರೆಯಿತು. ನಾನು ಏಳುವ ಮೊದಲೇ ಅವಳು ಕೈ ಚಾಚಿ ನನ್ನ ರೇಡಿಯೊ ತನ್ನ ಕಡೆಗೆ ಹಾಕಿಕೊಂಡು, “ಉಣ್ಣಕ್ಕ, ಒಂದ್ ಕಾಪ್ಟರ್ ತಾನೆ” ಅಂದಳು. ಥೇಟ್ ನಿನ್ನ ಹಾಗೇ ನಗುತ್ತಾ ಅಂದಳು. ಡಬ್ಬಿ ಮುಚ್ಚಿ ಎದ್ದುಬಂದು ನನ್ನ ಜಾಗದಲ್ಲಿ ಕೂತೆ. ಅವಳಿಗೆ ಬೇಜಾರಾಯಿತು, “ನನ್ ಮೇಲ್ ನಂಬ್ಕೆ ಇಲ್ವೇನಕ್ಕ?” ಅಂದಳು. ಸಂಜೆ ಸಾಹೇಬರಿಗೆ ಹೋಗಿ ಹೇಳಿದರೆ, “ನೀವ್ ನೀವೇ ಅಡ್ಜಸ್ಟ್ ಮಾಡ್ಕೊಳ್ಳಿ, ಬರವಣಿಗೆಯಲ್ಲಿ ಮಾತ್ರ ಬೇಡ” ಅಂದರು. ಅವತ್ತಿನಿಂದ ಡ್ಯೂಟಿಯಲ್ಲಿ ಊಟ ಬಿಟ್ಟಿದ್ದೇನೆ. ಹಸಿದ ಹೊಟ್ಟೆಯಲ್ಲಿ ತಲೆ ಸುತ್ತುತ್ತದೆ, ಅದೂ ವಿಮಾನಗಳಿಗೆ ಒಳ್ಳೆಯದಲ್ಲ.

ಸಮಿತಿಯವರು ಅಕ್ಟೋಬರ್‌ನಲ್ಲಿ ಬೆಂಗಳೂರಿಗೆ ಬಂದು ಕಂಟ್ರೋಲರ್‌ಗಳ ಮಾತು ಕೇಳುತ್ತಾರೆ. ನಾನು ಹೆಸರು ಕೊಡಬೇಕೆಂದಿದ್ದೇನೆ. ಹೋದರೆ, ಇದು ದಿನವೂ ನಡೆಯುತ್ತದೆ, ಅವತ್ತು ಉಣ್ಣುತ್ತಿದ್ದವಳು ನಾನೇ ಎಂದು ಹೇಳಬೇಕಾಗುತ್ತದೆ. ಹಾಗೆ ಹೇಳಿದರೆ ನಿನ್ನ ಸಹಿ ಸುಳ್ಳಾಗುತ್ತದೆ, ನಿನ್ನನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ. ಒಂದು ಸಲ ನಿನ್ನನ್ನು ಕೇಳದೆ ಬರೆದೆ. ಈ ಸಲ ಕೇಳುತ್ತಿದ್ದೇನೆ. ನೀನು ಬೇಡ ಅಂದರೆ ಹೋಗುವುದಿಲ್ಲ, ಆಣೆ. ಆಮೇಲೆ ಜೀವಮಾನದಲ್ಲಿ ಈ ಮಾತು ಎತ್ತುವುದೂ ಇಲ್ಲ.

ಮಧು


ಅಜ್ಜಂಪುರ
ಅಕ್ಟೋಬರ್ 6

ಮಧು,

ನಿನ್ನ ಕಾಗದ ಬಂದ ದಿನ ಬೇಡ ಎಂದು ಬರೆದು ಕವರ್‌ಗೆ ಹಾಕಿದ್ದೆ. ಅಂಚೆ ಡಬ್ಬದವರೆಗೂ ಹೋಗಿ ವಾಪಸ್ ಬಂದೆ. ಮಾರನೆಯ ದಿನವೂ ಅದೇ. ಅಮ್ಮ, “ಏನೇ, ಬಾಲ ಸುಟ್ಟ ಬೆಕ್ಕಿನಂಗೆ ಓಡಾಡ್ತೀಯಲ್ಲ, ಎಲ್ಲಾದ್ರೂ ಹೋಗ್ಬಾ” ಎಂದು ಬೈದಳು. ರೈಲು ಹತ್ತಿ ಬೀರೂರಿಗೆ ಹೋದೆ.

ನಿಮ್ಮಪ್ಪ ನನ್ನನ್ನು ನೋಡಿ ಒಂದು ಮಾತೂ ಕೇಳದೆ ಮುದ್ದೆ ಇಟ್ಟರು. ತೆಳ್ಳಗಾಗಿದ್ದಾರೆ, ಗಂಟಲು ಮಾತ್ರ ಹಾಗೇ ಇದೆ. ಉಣ್ಣುತ್ತಾ ಎಲ್ಲ ಹೇಳಿದೆ. ಪೂರ್ತಿ ಕೇಳಿ ಎದುರಿನ ಬೆಂಚಿನಲ್ಲಿ ಕೂತರು. “ನಿಂಗೆ ಚೌಳಹಿರಿಯೂರಿನ ಹೊನ್ನೇಶ ಗೊತ್ತಲ್ಲ? ಅವ್ನು ಇಲ್ಲಿ ಉಣ್ತಾ ಇದ್ದಾಗ ಫೋನ್ ಬಂತು. ಕೈ ಎಂಜಲಾಗಿತ್ತು, ನಾನೇ ಎತ್ತಿದೆ. ಅವ್ರಪ್ಪಂಗೆ ಎದೆ ನೋವು ಅಂದ್ರು. ಹೇಳ್ಲಿಲ್ಲ ಕಣವ್ವ. ಉಂಡು ಕೈ ತೊಳ್ದ ಮೇಲೆ ಹೇಳ್ದೆ. ಅಷ್ಟ್ರಲ್ಲಿ ಬಸ್ಸು ಹೋಗಿತ್ತು. ಇವತ್ತಿಗೂ ಅವ್ನು ನಮ್ ಹೋಟ್ಲು ಮೆಟ್ಲು ಹತ್ತಲ್ಲ” ಅಂದರು. ಈಗಾದರೆ ಎಬ್ಬಿಸುತ್ತೀರಾ ಎಂದು ಕೇಳಿದೆ. “ಇಲ್ಲ ಕಣವ್ವ, ಬಾಯಿ ಬರಲ್ಲ” ಅಂದರು. ಕಣ್ಣು ಒರೆಸಿಕೊಂಡು ಇನ್ನೊಂದು ಸೌಟು ಸಾರು ಹಾಕಿದರು.

ಅಲ್ಲೇ ನನಗೆ ತಿಳಿಯಿತು. ನನ್ನನ್ನು ಹತ್ತು ಸಲ ಟ್ರೈನಿಂಗ್‌ಗೆ ಕೂರಿಸಿದರೂ ನಾನು ಹೀಗೇ. ನೀನು ಎರಡು ತುತ್ತು ತಿಂದಿದ್ದರೆ ಎಬ್ಬಿಸುವುದಿಲ್ಲ. ಅಕ್ಷತಾಳೂ ಎಬ್ಬಿಸುವುದಿಲ್ಲ, ಅವಳ ಮೇಲೆ ಯಾಕೆ ಮುನಿಸಿಕೊಳ್ಳುತ್ತೀಯ? ನಮಗೆ ಬುದ್ಧಿ ಹೇಳಿ ಇದು ಸರಿಹೋಗುವುದಿಲ್ಲ. ಅಲ್ಲಿ ಇನ್ನೊಬ್ಬಳನ್ನು ತಂದು ಕೂರಿಸಬೇಕು, ಅದನ್ನು ಕಾನೂನು ಹೇಳಬೇಕು. ಇಷ್ಟೇ ವಿಷಯ.

ಮಾರನೆಯ ದಿನ ತರೀಕೆರೆಗೆ ಹೋಗಿ ಲಾಯರ್ ಮಲ್ಲಿಕಾರ್ಜುನಯ್ಯನವರನ್ನು ಕಂಡೆ. ಸಹಿ ಹಾಕಿದ ಹೇಳಿಕೆ ಹಿಂದಕ್ಕೆ ತೆಗೆದುಕೊಳ್ಳಬಹುದಾ ಎಂದು ಕೇಳಿದೆ. “ಹೇಳಿಕೆ ಹಿಂದಕ್ಕೆ ತಗೋಬಹುದಮ್ಮ, ಕೆಲಸ ಹಿಂದಕ್ಕೆ ಬರಲ್ಲ. ಮನೇಲಿ ಕೇಳ್ಕೊಂಡು ಬಾ” ಅಂದರು. ಮನೆಯಲ್ಲಿ ಕೇಳಲಿಲ್ಲ. ಕೇಳಿದರೆ ಅಮ್ಮ ಬೇಡ ಅನ್ನುತ್ತಾಳೆ.

ಹಾಗಾಗಿ ನಿನಗೆ ಉತ್ತರ. ನೀನು ಹೋಗಬೇಡ, ನಾನು ಹೋಗುತ್ತೇನೆ. ನೀನು ಹೇಳಿದರೆ ಅದು ಒಬ್ಬಳ ಮೇಲೆ ಇನ್ನೊಬ್ಬಳ ಮಾತು. ಸಹಿ ಹಾಕಿದವಳೇ ಸುಳ್ಳು ಅಂದರೆ ಆ ಹಾಳೆಗೆ ಬೆಲೆಯೇ ಇಲ್ಲ. ನೀನು ಉಣ್ಣುತ್ತಿದ್ದೆ ಎಂದೂ ಹೇಳುತ್ತೇನೆ, ಮುಚ್ಚುವುದಿಲ್ಲ, ಬಂದ ಬೈಗುಳ ತಿನ್ನು. ಆದರೆ ಕೆಲಸ ಬಿಡಬೇಡ. ಇಬ್ಬರೂ ಎದ್ದು ಬಂದರೆ ಆ ಹುಡುಗಿಯ ಪಕ್ಕ ಕೂರುವವರು ಯಾರು?

ಅನು


ಏರ್‌ಪೋರ್ಟ್ ಕ್ವಾರ್ಟರ್ಸ್
ಅಕ್ಟೋಬರ್ 11

ಅನೂ,

ಬೇಡ. ಹೋಗಬೇಡ. ಕೇಳಿದ್ದೇ ನನ್ನ ತಪ್ಪು. ಟ್ರೈನಿಂಗ್‌ಗೆ ಇನ್ನು ಮೂರು ವಾರವೂ ಇಲ್ಲ, ಸುಮ್ಮನೆ ಬಂದು ಸೇರಿಕೋ. ಮಸೂದೆ ಏನಾದರೂ ಆಗಲಿ.

ನಿನ್ನ ಮಧು


ಅಜ್ಜಂಪುರ
ಫೆಬ್ರವರಿ 3

ಮಧು,

ಹೋಗಿದ್ದೆ, ಹೇಳಿದೆ, ಅದು ನಿನಗೆ ಗೊತ್ತು. ಅಲ್ಲಿ ನಡೆದದ್ದನ್ನು ಬರೆಯುವ ಮನಸ್ಸು ಇಷ್ಟು ದಿನ ಇರಲಿಲ್ಲ.

ಉದ್ದನೆಯ ಮೇಜು, ಎಲ್ಲರ ಮುಂದೆ ನೀರಿನ ಬಾಟಲು. ನಮ್ಮ ಮೇಲಿನವರು ಒಂದು ಪಕ್ಕ ಕೂತಿದ್ದರು, ನನ್ನ ಕಡೆ ಒಮ್ಮೆಯೂ ನೋಡಲಿಲ್ಲ. ಆ ಸಹಿ ನನ್ನದೇ, ಅದರಲ್ಲಿರುವುದು ನಿಜವಲ್ಲ, ಕೆಲಸದ ಆಸೆಗೆ ಹಾಕಿದೆ ಎಂದು ಹೇಳಿದೆ. ಕನ್ನಡ ಬಲ್ಲ ಸದಸ್ಯೆಯೊಬ್ಬರು, “ಅಷ್ಟು ಜನರ ಜೀವದ ಪ್ರಶ್ನೆ, ಊಟ ಮಾಡ್ತಿದ್ದವರನ್ನ ಯಾಕೆ ಎಬ್ಬಿಸಲಿಲ್ಲ?” ಎಂದು ಕೇಳಿದರು. “ನಮ್ ಕಡೆ ಎಬ್ಬಿಸಲ್ಲ ಮೇಡಂ” ಅಂದೆ. ಒಬ್ಬಿಬ್ಬರು ನಕ್ಕರು. ಪ್ರಶ್ನೆ ಕೇಳಿದವರು ನಗಲಿಲ್ಲ. “ಈಗ ಎಬ್ಬಿಸ್ತೀರಾ?” ಅಂದರು. “ಎಬ್ಬಿಸ್ತೀನಿ ಅಂತ ಇಲ್ಲಿ ಹೇಳ್ಬಹುದು ಮೇಡಂ, ಅಲ್ಲಿ ಎಬ್ಬಿಸ್ತೀನೋ ಇಲ್ವೋ ಗೊತ್ತಿಲ್ಲ. ಎಬ್ಬಿಸೋ ಪ್ರಸಂಗಾನೇ ಬರಬಾರ್ದು. ಇನ್ನೊಬ್ರನ್ನ ಕೊಡಿ” ಅಂದೆ. ಅವರು ಬರೆದುಕೊಂಡರು.

ಸಮಿತಿಯ ವರದಿ ನೀನೂ ಓದಿರುತ್ತೀಯ. ಮೂರು ಕಲಮುಗಳನ್ನೂ ಉಳಿಸಿಕೊಂಡಿದ್ದಾರೆ. ಪ್ರತಿ ಪಾಳಿಗೂ ಒಬ್ಬರು ಹೆಚ್ಚಿಗೆ ಇರಬೇಕು ಎಂಬುದನ್ನು ಇನ್ನೂ ಬಿಗಿ ಮಾಡಿದ್ದಾರೆ. ತಪ್ಪು ಒಪ್ಪಿಕೊಂಡವರ ಲೈಸೆನ್ಸ್ ಕೀಳಬಾರದು ಎಂಬುದೂ ಇದೆ. ಸದನದಲ್ಲಿ ಯಾವಾಗ ಪಾಸಾಗುತ್ತದೋ ಗೊತ್ತಿಲ್ಲ, ಆದರೆ ಆಗುತ್ತದೆ ಎಂದು ಎಲ್ಲರೂ ಅನ್ನುತ್ತಿದ್ದಾರೆ.

ನಿನ್ನೆ ನನ್ನ ಲೈಸೆನ್ಸ್ ರದ್ದಾದ ಆದೇಶ ಬಂತು. ಸುಳ್ಳು ಹೇಳಿಕೆ ಕೊಟ್ಟಿದ್ದಕ್ಕೆ, ಎರಡು ಸ್ಥಾನ ವಹಿಸಿಕೊಂಡಿದ್ದಕ್ಕೆ. ಮಲ್ಲಿಕಾರ್ಜುನಯ್ಯನವರಿಗೆ ತೋರಿಸಿದೆ. ಹೊಸ ಕಾನೂನು ಬಂದರೆ ನನಗೂ ಆಗುತ್ತದಾ ಎಂದು ಕೇಳಿದೆ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, “ಜಾರಿಗೆ ಬಂದ ದಿನದಿಂದ ಮುಂದಕ್ಕೆ ಕಣಮ್ಮ. ನಿಂದು ಹಿಂದಿನದು” ಅಂದರು.

ಅಮ್ಮನಿಗೆ ಹೇಳಿದೆ. ಬಾಯಿಗೆ ಬಂದಂತೆ ಬೈಯುತ್ತಾಳೆ ಎಂದುಕೊಂಡಿದ್ದೆ. ಬೈಯಲಿಲ್ಲ. ಗಿರಣಿ ನಿಲ್ಲಿಸಿ ಕೈಯಲ್ಲಿದ್ದ ಹಿಟ್ಟು ಕೊಡವಿಕೊಂಡು, “ಮತ್ತೆ ನಿಂಗೇನ್ ಸಿಕ್ತವ್ವ ಅದ್ರಿಂದ?” ಎಂದು ಕೇಳಿದಳು.

ನೀನು ಕೆಲಸ ಬಿಡುತ್ತೇನೆ, ಇಲ್ಲಿಗೆ ಬರುತ್ತೇನೆ ಎಂದೆಲ್ಲ ಹಾರಾಡಬೇಡ. ಅಲ್ಲೇ ಇರು. ಆ ಮೂರನೆಯವಳು ಬಂದ ದಿನ ಹೊಟ್ಟೆ ತುಂಬಾ ಉಣ್ಣು. ಮಾಡಿದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ, ನಾಳೆ ಕರೆದರೂ ಹೋಗಿ ಅದನ್ನೇ ಹೇಳುತ್ತೇನೆ. ಆದರೆ ಬೇರೆ ಯಾರಿಗೂ ಹೇಳಲಾಗದ್ದನ್ನು ನಿನಗೆ ಹೇಳಿಬಿಡುತ್ತೇನೆ. ನನಗೆ ಆ ಕುರ್ಚಿ ಬೇಕಿತ್ತು ಕಣೇ. ಈಗಲೂ ಬೇಕು.

ಅನು